ಅಮ್ಮ ಬರೆದಿಟ್ಟ ಅಳತೆಯಲ್ಲೇ ಮಾಡಿದರೂ ಸಾರು ಅಮ್ಮನದಾಗುತ್ತಿಲ್ಲ, ಏಕೆ?

ಪ್ರಶ್ನೆ: ನಮ್ಮದು ನಂಜನಗೂಡು ಕಡೆ. ಹದಿನೆಂಟು ವರ್ಷದಿಂದ ಪುಣೆಯಲ್ಲಿದ್ದೇನೆ. ಅಮ್ಮ ತೀರಿಕೊಂಡು ಒಂದು ವರ್ಷವಾಯಿತು. ಅಪ್ಪ ಈಗ ನಮ್ಮ ಜೊತೆಗಿದ್ದಾರೆ, 76 ವರ್ಷ, ಬಿ.ಪಿ. ಇದೆ. ಅಮ್ಮ ಇರುವ ತನಕ ಸಾರಿನ ಪುಡಿ ಊರಿಂದಲೇ ಬರುತ್ತಿತ್ತು, ನಾನು ಮಾಡಲು ಕಲಿಯಲೇ ಇಲ್ಲ. ಅವರ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಹೀಗೆ ಬರೆದಿದೆ: ‘ಧನಿಯ 4 ಪಾವು, ಮೆಣಸಿನಕಾಯಿ ಕಾಲು ಕೆಜಿ, ಜೀರಿಗೆ 2 ಚಟಾಕು, ಮೆಣಸು 1 ಚಟಾಕು, ಮೆಂತ್ಯ ಅರ್ಧ, ಸಾಸಿವೆ ಅರ್ಧ, ಇಂಗು ಗೋಲಿಯಷ್ಟು, ಕರಿಬೇವು, ಹರಳೆಣ್ಣೆ.’ ಪಾವು ಎಂದರೆ ಇಲ್ಲಿನವರು ಹೇಳುವ ಪಾವ್ ಕಿಲೋ ಎಂದುಕೊಂಡು ಒಂದು ಕೆಜಿ ಧನಿಯ ತಂದೆ. ಚಟಾಕು 58 ಗ್ರಾಂ ಎಂದು ಓದಿ ಹಾಗೇ ತೂಗಿದೆ. ಎಲ್ಲವನ್ನೂ ಒಂದೇ ಬಾಣಲೆಯಲ್ಲಿ ಹುರಿದು ಮಿಕ್ಸಿಗೆ ಹಾಕಿದೆ. ಸಾರು ಮಂದ, ಬಣ್ಣ ಮಾಸಲು, ಕೊನೆಗೆ ಬಾಯಲ್ಲಿ ಕಹಿ. ಎರಡನೇ ಸಲ ಅರ್ಧ ಅಳತೆಗೆ ಸಣ್ಣ ಉರಿಯಲ್ಲಿ ಹುರಿದೆ. ಕಹಿ ಹೋಯಿತು, ಘಮವೂ ಇಲ್ಲ. ಅಪ್ಪ ಏನೂ ಹೇಳುವುದಿಲ್ಲ, ಎರಡು ತುತ್ತಿಗೇ ಮಜ್ಜಿಗೆ ಹಾಕಿಕೊಳ್ಳುತ್ತಾರೆ. ಅತ್ತಿಗೆ ‘ಅದು ಅಮ್ಮನ ಕೈಗುಣ, ಬರೋದಿಲ್ಲ ಬಿಡು’ ಅನ್ನುತ್ತಾರೆ. ಅಮ್ಮನ ಹಿತ್ತಾಳೆ ತಪ್ಪಲೆ ತಂದಿದ್ದೇನೆ, ಒಳಗೆ ಕಲಾಯಿ ಹೋಗಿ ಹಳದಿ ಕಾಣುತ್ತದೆ. ಅದರಲ್ಲೇ ಮಾಡಿದರೆ ಆ ರುಚಿ ಬರುತ್ತದೆಯೇ? ಹರಳೆಣ್ಣೆ ನಿಜವಾಗಿ ಹಾಕಬೇಕೇ? ಎರಡು ಸಲದ್ದೂ ಸೇರಿ ಎರಡು ಕೆಜಿ ಪುಡಿ ಮಿಕ್ಕಿದೆ, ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯ ಒಳಗೇ ಉತ್ತರದ ಮುಕ್ಕಾಲು ಭಾಗ ಇದೆ, ಏಕೆಂದರೆ ನೀವು ಏನೇನು ಮಾಡಿದಿರಿ ಎಂದು ಮುಚ್ಚಿಡದೆ ಬರೆದಿದ್ದೀರಿ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ತಾಯಿಯವರ ಅಳತೆಯಲ್ಲೂ ತಪ್ಪಿಲ್ಲ. ಆ ಹಾಳೆಯನ್ನು ಅವರು ತಮಗಾಗಿ ಬರೆದುಕೊಂಡಿದ್ದರು. ಗೊತ್ತಿದ್ದದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಯಾವುದನ್ನು ಮೊದಲು ಹುರಿಯಬೇಕು, ಎಷ್ಟು ತರಿ ಇರಬೇಕು, ಪಾವು ಎಂದರೆ ಯಾವ ಪಾವು, ಇವೆಲ್ಲ ಅವರಿಗೆ ಗೊತ್ತಿತ್ತು, ಆದ್ದರಿಂದ ಹಾಳೆಯಲ್ಲಿಲ್ಲ.

ಮೊದಲು ಪಾವಿನ ವಿಚಾರ, ಏಕೆಂದರೆ ಎಡವಟ್ಟು ಶುರುವಾದದ್ದೇ ಅಲ್ಲಿ. ಮೈಸೂರು ಸೀಮೆಯ ಅಡುಗೆಮನೆಯಲ್ಲಿ ಪಾವು ತೂಕವಲ್ಲ, ಅಳೆಯುವ ಪಾತ್ರೆ. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. ಪುಣೆಯ ಅಂಗಡಿಯಲ್ಲಿ ಪಾವ್ ಎಂದರೆ ಕಾಲು ಕಿಲೋ. ಎರಡೂ ‘ಕಾಲು’ ಎಂಬ ಅರ್ಥದವೇ, ಆದರೆ ಒಂದು ಪಾತ್ರೆಯ ಕಾಲು, ಇನ್ನೊಂದು ತೂಕದ ಕಾಲು. ಮೆಟ್ರಿಕ್ ಅಳತೆಯ ಕಾಯ್ದೆ 1956ರಲ್ಲೇ ಬಂದು ಅಂಗಡಿಯ ತಕ್ಕಡಿ ಬದಲಾಯಿತು. ಅಡುಗೆಮನೆಯ ಪಾವು ಮಾತ್ರ ಅಕ್ಕಿ ಡಬ್ಬದೊಳಗೆ ಹಾಗೇ ಉಳಿಯಿತು. ಅದಕ್ಕೇ ತಾಯಿಯವರು ಅಂಗಡಿಯಿಂದ ತೂಗಿಸಿ ತರುವ ಮೆಣಸಿನಕಾಯಿಯನ್ನು ಕೆಜಿಯಲ್ಲಿ ಬರೆದಿದ್ದಾರೆ, ಮನೆಯಲ್ಲಿ ಅಳೆದುಕೊಳ್ಳುವುದನ್ನು ಪಾವಿನಲ್ಲಿ ಬರೆದಿದ್ದಾರೆ. ಉದ್ದುದ್ದ ಮೆಣಸಿನಕಾಯಿಯನ್ನು ಪಾವಿನಲ್ಲಿ ಅಳೆಯಲು ಆಗುವುದೂ ಇಲ್ಲ.

ಇದರ ಪರಿಣಾಮ ನೋಡಿ. ಧನಿಯ ತುಂಬ ಹಗುರ, ಒಳಗೆ ಟೊಳ್ಳು. 240 ಮಿಲಿ ಹಿಡಿಯುವ ಪಾವಿನಲ್ಲಿ ಸುಮಾರು 80 ಗ್ರಾಂ ಧನಿಯ ಹಿಡಿಯುತ್ತದೆ. ನಾಲ್ಕು ಪಾವಿಗೆ 320 ಗ್ರಾಂ. ನೀವು ಹಾಕಿದ್ದು ಒಂದು ಕೆಜಿ, ಮೂರು ಪಟ್ಟು. ಅದೇ ಪಾವಿನ ಚಟಾಕು ಎಂದರೆ 60 ಮಿಲಿ. ಅದರಲ್ಲಿ ಜೀರಿಗೆ 25 ಗ್ರಾಂ ಮಾತ್ರ ಹಿಡಿಯುತ್ತದೆ. ಎರಡು ಚಟಾಕಿಗೆ 50 ಗ್ರಾಂ ಆಗಬೇಕಿದ್ದಲ್ಲಿ ನೀವು 116 ಗ್ರಾಂ ಹಾಕಿದಿರಿ. ಮೆಣಸು 33 ಗ್ರಾಂ ಆಸುಪಾಸು ಬರಬೇಕಿತ್ತು, 58 ಬಂತು. ಮೆಂತ್ಯ ಗಟ್ಟಿ ಕಾಳು, ತೂಕದ್ದು, ಅರ್ಧ ಚಟಾಕಿಗೇ 22 ಗ್ರಾಂ ಇರುತ್ತದೆ. ಅದರಲ್ಲಿ ವ್ಯತ್ಯಾಸ ಹೆಚ್ಚಿಲ್ಲ. ಮೆಣಸಿನಕಾಯಿ ಮಾತ್ರ ಅಮ್ಮ ಹೇಳಿದಷ್ಟೇ ಬಿತ್ತು. ಅಂದರೆ ಎಲ್ಲವೂ ಒಂದೇ ಲೆಕ್ಕದಲ್ಲಿ ಹೆಚ್ಚಾಗಲಿಲ್ಲ, ಹಗುರವಾದವು ಬಹಳ ಹೆಚ್ಚಾದವು. ಬಣ್ಣ ಮಾಸಲಾದದ್ದು, ಸಾರು ಮಂದವಾದದ್ದು ಇದರಿಂದಲೇ. ಧನಿಯದ ಸಿಪ್ಪೆಯ ನಾರು ನೀರು ಕುಡಿದು ಉಬ್ಬುತ್ತದೆ, ತಿಳಿಯಾಗಬೇಕಾದ ಸಾರನ್ನು ಗೊಜ್ಜಿನ ಕಡೆಗೆ ಎಳೆಯುತ್ತದೆ.

ಅಮ್ಮನ ಪಾವು ಊರಿನ ಮನೆಯಲ್ಲಿ ಇನ್ನೂ ಇದ್ದರೆ ಹೇಗಾದರೂ ತರಿಸಿಕೊಳ್ಳಿ. ಹಿತ್ತಾಳೆ ತಪ್ಪಲೆಗಿಂತ ಅದು ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಪಾವಿನ ಬಾಯಿಮಟ್ಟ ನೀರು ತುಂಬಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಪಾವಿನ ತೂಕ ಕಳೆಯಿರಿ. ಎಷ್ಟು ಗ್ರಾಂ ನೀರೋ ಅಷ್ಟು ಮಿಲಿ ಪಾವು. ಮನೆಗಳ ಪಾವು 200ರಿಂದ 250 ಮಿಲಿಯವರೆಗೆ ಬೇರೆಬೇರೆ ಇರುತ್ತದೆ. ಅದು ಸಿಗದಿದ್ದರೆ ಅಪ್ಪನನ್ನು ಕೇಳಿ: ಅಮ್ಮ ಪಾವಿನ ಬಾಯಿಗೆ ಮಟ್ಟವಾಗಿ ಅಳೆಯುತ್ತಿದ್ದರೋ, ಗೋಪುರದ ಹಾಗೆ ತುಂಬುತ್ತಿದ್ದರೋ? ಧನಿಯದಂಥ ಉರುಟು ಕಾಳು ಗೋಪುರ ಕಟ್ಟಿದರೆ ಸಾಕಷ್ಟು ಹೆಚ್ಚು ಹಿಡಿಯುತ್ತದೆ. ಅಳೆಯುವುದನ್ನು ನೋಡಿದವರಿಗೆ ಇದು ನೆನಪಿರುತ್ತದೆ.

ಇನ್ನು ಕೆಜಿಗಟ್ಟಲೆ ಮಾಡಬೇಡಿ. ಎಂಟನೇ ಒಂದು ಭಾಗ ಮಾಡಿ ನೋಡಿ: ಧನಿಯ 40 ಗ್ರಾಂ, ತೊಟ್ಟು ತೆಗೆದ ಬ್ಯಾಡಗಿ 30, ಜೀರಿಗೆ 6, ಮೆಣಸು 4, ಮೆಂತ್ಯ 3, ಸಾಸಿವೆ ಎರಡೂವರೆ ಗ್ರಾಂ. ಹತ್ತು ಹನ್ನೆರಡು ಸಲದ ಸಾರಿಗೆ ಸಾಕು. ಕೆಟ್ಟರೆ ನಷ್ಟ ಸಣ್ಣದು, ತಿದ್ದಲು ಅವಕಾಶ ದೊಡ್ಡದು.

‘ಮೆಣಸಿನಕಾಯಿ’ ಎಂದಷ್ಟೇ ಬರೆದಿದ್ದಾರೆ. ಕಾಲು ಕೆಜಿಯಷ್ಟು ಹಾಕಿ ಮನೆಮಂದಿಯೆಲ್ಲ ಉಣ್ಣುತ್ತಿದ್ದರು ಎಂದ ಮೇಲೆ ಅದು ಬ್ಯಾಡಗಿಯೇ ಇರಬೇಕು, ಪೂರ್ತಿ ಅಲ್ಲದಿದ್ದರೂ ಬಹುಪಾಲು. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಪುಣೆಯ ಮಾರುಕಟ್ಟೆಯಲ್ಲಿ ಇದನ್ನೇ ಬೇಡಗಿ ಎನ್ನುತ್ತಾರೆ, ಸುಲಭವಾಗಿ ಸಿಗುತ್ತದೆ. ಪಕ್ಕದಲ್ಲೇ ಸಂಕೇಶ್ವರಿ, ಲವಂಗಿ ಚೀಲಗಳೂ ಇರುತ್ತವೆ. ಅವುಗಳ ಖಾರವೇ ಬೇರೆ, ಈ ಅಳತೆಗೆ ಅವನ್ನು ಹಾಕಿದರೆ ಸಾರು ಬಾಯಿಗೆ ಇಡಲಾಗದು. ಒಳ್ಳೆಯ ಬ್ಯಾಡಗಿಯ ಸಿಪ್ಪೆ ಸುಕ್ಕುಗಟ್ಟಿರುತ್ತದೆ, ಬಣ್ಣ ಗಾಢ ಕೆಂಪು, ಹಿಡಿದರೆ ಸ್ವಲ್ಪ ಬಾಗುತ್ತದೆ, ಬೀಜ ಕಡಿಮೆ. ಒಳಗೆ ಬೂದು ಬಣ್ಣ ಕಂಡರೆ ಅದು ಬೂಷ್ಟು, ಅಂಥದ್ದನ್ನು ಒಂದನ್ನೂ ಸೇರಿಸಬೇಡಿ. ಹುರಿದರೆ ಬೂಷ್ಟಿನ ವಿಷ ಹೋಗುವುದಿಲ್ಲ.

ಈಗ ಹುರಿಯುವ ವಿಷಯ. ನಿಮ್ಮ ಮೊದಲ ಪುಡಿಯ ಕಹಿಗೂ ಎರಡನೆಯದರ ಮಂಕಿಗೂ ಕಾರಣ ಒಂದೇ: ಏಳು ಬಗೆಯ ಪದಾರ್ಥಕ್ಕೆ ಒಂದೇ ಬಾಣಲೆ, ಒಂದೇ ಹೊತ್ತು. ಮೆಣಸಿನಕಾಯಿ ಎರಡು ನಿಮಿಷದಲ್ಲಿ ಕಪ್ಪಾಗುತ್ತದೆ. ಮೆಂತ್ಯ ಕೆಂಪಾಗಲು ಹೊತ್ತು ಹಿಡಿಯುತ್ತದೆ, ಆದರೆ ಕೆಂಪಿನಿಂದ ಕಂದಿಗೆ ತಿರುಗುವುದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ. ಕಂದಿದ ಮೆಂತ್ಯ ಇಡೀ ಪುಡಿಗೆ ಕಹಿ ಕೊಡುತ್ತದೆ, ಬೆಲ್ಲ ಹಾಕಿದರೂ ಅದು ಅಡಗುವುದಿಲ್ಲ. ಎಲ್ಲಕ್ಕೂ ಸಣ್ಣ ಉರಿ ಇಟ್ಟಾಗ ಧನಿಯಕ್ಕೆ ಬೇಕಾದ ಶಾಖ ಸಿಗಲಿಲ್ಲ, ಘಮ ಹುಟ್ಟಲೇ ಇಲ್ಲ.

ದಪ್ಪ ತಳದ ಬಾಣಲೆ ಇಟ್ಟು ಒಂದೊಂದನ್ನೇ ಹುರಿಯಿರಿ. ಮೊದಲು ಮೆಂತ್ಯ, ಸಣ್ಣ ಉರಿಯಲ್ಲಿ, ಹೊಂಬಣ್ಣ ದಾಟಿ ನಸುಗೆಂಪಿಗೆ ಬಂದೊಡನೆ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದರೂ ಹುರಿಯುತ್ತಲೇ ಇರುತ್ತದೆ. ಆಮೇಲೆ ಸಾಸಿವೆ, ಅರ್ಧಕ್ಕರ್ಧ ಸಿಡಿದರೆ ಸಾಕು. ಜೀರಿಗೆ ಬಿಸಿಯಾಗಿ ಬಣ್ಣ ಒಂದು ಛಾಯೆ ತಿರುಗಬೇಕು, ಹೆಚ್ಚು ಬೇಡ. ಮೆಣಸು ಉಬ್ಬಿ ಒಂದೆರಡು ಕಾಳು ಸಿಡಿಯುವ ತನಕ. ಧನಿಯಕ್ಕೆ ಮಧ್ಯಮ ಉರಿ, ಕೈ ಬಿಡದೆ ಆಡಿಸಬೇಕು. ಮೊದಲು ಹುಲ್ಲಿನಂಥ ವಾಸನೆ ಬರುತ್ತದೆ, ಆಮೇಲೆ ಕಿತ್ತಳೆ ಸಿಪ್ಪೆಯಂಥದ್ದು, ಕೊನೆಗೆ ಹುರಿಗಡಲೆಯ ಹತ್ತಿರದ ಘಮ. ಎರಡನೆಯದು ಮುಗಿದು ಮೂರನೆಯದು ಶುರುವಾಗುವ ಹೊತ್ತಿಗೆ ಇಳಿಸಿ. ಹಲ್ಲಿಗೆ ಹಾಕಿದರೆ ಕಾಳು ಗರಿಗರಿ ಮುರಿಯಬೇಕು. ಕರಿಬೇವನ್ನು ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಕೈಯಲ್ಲಿ ಪುಡಿಯಾಗುವ ಹಾಗೆ ಹುರಿಯಿರಿ. ಅದರಲ್ಲಿ ಪಸೆ ಉಳಿದರೆ ತಿಂಗಳೊಳಗೆ ಡಬ್ಬವೆಲ್ಲ ಮುಗ್ಗಲು ವಾಸನೆ.

ಕೊನೆಗೆ ಮೆಣಸಿನಕಾಯಿ. ಹರಳೆಣ್ಣೆಯ ಕೆಲಸ ಇಲ್ಲಿ. ಅದನ್ನು ಬಿಡಬಹುದೇ ಎಂದು ಕೇಳಿದಿರಿ. ಬಿಟ್ಟರೆ ಪುಡಿ ಆಗದೇ ಇರುವುದಿಲ್ಲ, ಆದರೆ ಅಮ್ಮ ಬರೆದಿದ್ದಾರೆ ಎಂದರೆ ಅವರ ಪುಡಿಯಲ್ಲಿ ಅದು ಇತ್ತು, ಆದ್ದರಿಂದ ಹಾಕಿ. ಈ ಎಣ್ಣೆ ಬಲು ಮಂದ, ಮೆಣಸಿನಕಾಯಿಯ ಮೈಗೆ ತೆಳ್ಳಗೆ ಅಂಟಿಕೊಂಡು ಹುರಿಯುವಾಗಿನ ಘಾಟು ತಗ್ಗಿಸುತ್ತದೆ. ಸಿಪ್ಪೆ ಸೀಯದೆ ಸಮನಾಗಿ ಉಬ್ಬುತ್ತದೆ, ಕೆಂಪು ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದಾದ್ದರಿಂದ ಸಾರಿನ ಮೇಲೆ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಕಾಲು ಕೆಜಿ ಮೆಣಸಿನಕಾಯಿಗೆ ಒಂದು ಟೀ ಚಮಚ, ನಿಮ್ಮ 30 ಗ್ರಾಮಿಗೆ ಹನಿಗಳ ಲೆಕ್ಕ. ಹರಳೆಣ್ಣೆ ಭೇದಿಗೆ ಕೊಡುವ ಔಷಧಿಯಲ್ಲವೇ ಎಂಬ ಅಂಜಿಕೆ ಬೇಡ, ಆ ಪ್ರಮಾಣಕ್ಕೂ ಇದಕ್ಕೂ ಬಹಳ ದೂರ. ಎಚ್ಚರ ವಹಿಸಬೇಕಾದದ್ದು ಕೊಳ್ಳುವಾಗ: ತಲೆಗೆ ಹಚ್ಚುವುದಕ್ಕೆ, ದೀಪಕ್ಕೆ ಎಂದು ಮಾರುವ ಎಣ್ಣೆ ಬೇಡ. ತಿನ್ನಲು ಯೋಗ್ಯ ಎಂದು ಮುದ್ರಿಸಿದ್ದೇ ಬೇಕು. ಸಿಗದಿದ್ದರೆ ಅಷ್ಟೇ ತುಪ್ಪ ಹಾಕಿ.

‘ಇಂಗು ಗೋಲಿಯಷ್ಟು’ ಎಂದರೆ ಗಟ್ಟಿ ಇಂಗು. ಅಂಗಡಿಯ ಡಬ್ಬಿಯ ಪುಡಿ ಇಂಗಿಗೆ ಗೋಂದು, ಹಿಟ್ಟು ಬೆರೆತಿರುತ್ತದೆ, ಚಮಚಗಟ್ಟಲೆ ಹಾಕಿದರೂ ಆ ಬಲ ಬರುವುದಿಲ್ಲ. ಗಟ್ಟಿ ಇಂಗಿನ ಸಣ್ಣ ಚೂರನ್ನು ತುಪ್ಪದಲ್ಲಿ ಉಬ್ಬಿ ಬರುವ ಹಾಗೆ ಕರಿದು ಪುಡಿಗೆ ಸೇರಿಸಿ. ನಿಮ್ಮ ಎಂಟನೇ ಭಾಗಕ್ಕೆ ಒಂದು ಕಡಲೆ ಕಾಳಿನಷ್ಟು ಸಾಕು.

ಎಲ್ಲ ಪೂರ್ತಿ ಆರಿದ ಮೇಲೆ ಅರೆಯಬೇಕು. ಮಿಕ್ಸಿಯೇ ರುಚಿ ಕೆಡಿಸಿತು ಎನ್ನುವುದು ಅರ್ಧ ನಿಜ. ಮಿಕ್ಸಿ ತಪ್ಪಲ್ಲ, ಅದನ್ನು ಬಿಡದೆ ಓಡಿಸುವುದು ತಪ್ಪು. ಜಾರು ಬಿಸಿಯಾದರೆ ಧನಿಯ, ಜೀರಿಗೆಯ ಘಮ ಅಲ್ಲೇ ಹಾರಿಹೋಗುತ್ತದೆ. ನಾಲ್ಕೈದು ಸೆಕೆಂಡಿಗೊಮ್ಮೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಮೆಣಸಿನಕಾಯಿ, ಮೆಂತ್ಯ, ಸಾಸಿವೆ ನುಣ್ಣಗಾಗಲಿ. ಧನಿಯ, ಜೀರಿಗೆ, ಮೆಣಸನ್ನು ಬೇರೆಯಾಗಿ ಹಾಕಿ, ಸಣ್ಣ ರವೆಯಷ್ಟು ತರಿ ಉಳಿಸಿ. ಊರಿನ ಮಿಲ್ಲಿನಲ್ಲಿ ಮಾಡಿಸಿದ ಪುಡಿ, ಕುಟ್ಟಿದ ಪುಡಿ ಹೀಗೇ ಇರುತ್ತಿತ್ತು. ತರಿ ಇದ್ದರೆ ಅದು ಪಾತ್ರೆಯ ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಹಿಟ್ಟಿನಂತೆ ನುಣ್ಣಗಾದರೆ ಸಾರು ಕದಡಿದ ನೀರಿನ ಹಾಗೆಯೇ ಇರುತ್ತದೆ.

ಪುಡಿ ಸರಿಹೋದರೂ ಸಾರು ಕಾಯಿಸುವಲ್ಲಿ ಅದನ್ನು ಕಳೆದುಕೊಳ್ಳಬಹುದು. ನಾಲ್ಕು ಜನಕ್ಕೆ: 75 ಗ್ರಾಂ ತೊಗರಿಬೇಳೆಯನ್ನು ಚಿಟಿಕೆ ಅರಿಶಿನ ಹಾಕಿ ಬೇಯಿಸಿ. ಕುಕ್ಕರಾದರೂ ಅಡ್ಡಿಯಿಲ್ಲ. ತೆಗೆದ ಮೇಲೆ ಬಿಸಿನೀರು ಸೇರಿಸಿ ಒಮ್ಮೆ ಆಡಿಸಿ, ಹತ್ತು ನಿಮಿಷ ಬಿಟ್ಟು, ಮೇಲಿನ 600 ಮಿಲಿ ಕಟ್ಟನ್ನು ಬಗ್ಗಿಸಿಕೊಳ್ಳಿ. ಬೇಳೆಯನ್ನು ಮಸೆದು ಪೂರ್ತಿ ಹಾಕಿದರೆ ಅದು ತಿಳಿಸಾರಲ್ಲ. ಬೇಳೆ ಎಷ್ಟು ಹೊತ್ತಾದರೂ ಬೇಯದಿದ್ದರೆ ನೀರನ್ನು ಅನುಮಾನಿಸಿ. ಬೋರ್‌ವೆಲ್ಲಿನ, ಟ್ಯಾಂಕರಿನ ಗಡಸು ನೀರಿನ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಬೇಳೆಗೂ ಸಾರಿಗೂ ಕುಡಿಯುವ ನೀರನ್ನೇ ಬಳಸಿ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಅಂದರೆ ಬೀಜ ತೆಗೆದು 12 ಗ್ರಾಂ, 300 ಮಿಲಿ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಯಲಿ. ಆ ರಸಕ್ಕೆ ಎರಡು ಹುಳಿ ಟೊಮೆಟೊ, ಅಡಿಕೆ ಗಾತ್ರದ ಬೆಲ್ಲ, ಉಪ್ಪು, 5 ಗ್ರಾಂ ಪುಡಿ ಹಾಕಿ ಎಂಟು ಹತ್ತು ನಿಮಿಷ ಕುದಿಸಿ, ಹುಣಸೆಯ ಹಸಿ ವಾಸನೆ ಹೋಗಲಿ. ಆಮೇಲೆ ಕಟ್ಟು ಹಾಕಿ. ಇಲ್ಲಿಂದ ಮುಂದೆ ಕುದಿಸುವುದಲ್ಲ, ಕಾಯಿಸುವುದು. ಅಂಚಿನಲ್ಲಿ ನೊರೆ ಎದ್ದು ಮಧ್ಯಕ್ಕೆ ಬರುತ್ತಿದ್ದಂತೆ ಇನ್ನು 2 ಗ್ರಾಂ ಪುಡಿ, ಹೆಚ್ಚಿದ ಕೊತ್ತಂಬರಿ ಸೊಪ್ಪು ಹಾಕಿ ಇಳಿಸಿ, ಮುಚ್ಚಿ. ಮೊದಲು ಹಾಕಿದ ಪುಡಿ ರುಚಿಗೆ, ಕೊನೆಯಲ್ಲಿ ಹಾಕಿದ್ದು ಘಮಕ್ಕೆ. ಹದಿನೈದು ನಿಮಿಷ ಕುದಿಸಿದರೆ ಘಮ ನಿಮ್ಮ ಮನೆಯೆಲ್ಲ ತುಂಬುತ್ತದೆ, ಸಾರಿನಲ್ಲಿ ಉಳಿಯುವುದಿಲ್ಲ.

ಒಗ್ಗರಣೆಯ ತುಪ್ಪವನ್ನು ಕಡೆಗಣಿಸಬೇಡಿ. ಅಮ್ಮ ಕೆನೆಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸುತ್ತಿದ್ದರೇ? ಕಾಯಿಸುವಾಗ ನುಗ್ಗೆಸೊಪ್ಪೋ ವೀಳ್ಯದೆಲೆಯೋ ಹಾಕುತ್ತಿದ್ದರೇ? ಹುಳಿ ಬಂದ ಕೆನೆಯ ತುಪ್ಪಕ್ಕೂ ಪ್ಯಾಕೆಟ್ಟಿನ ತುಪ್ಪಕ್ಕೂ ವಾಸನೆಯಲ್ಲೇ ಅಂತರವಿದೆ, ತಿಳಿಸಾರಿನಂಥ ತೆಳು ಪದಾರ್ಥದಲ್ಲಿ ಅದು ಎದ್ದು ಕಾಣುತ್ತದೆ.

ತಪ್ಪಲೆಯ ಬಗ್ಗೆ ಖಂಡಿತವಾಗಿ ಹೇಳುತ್ತೇನೆ: ಈಗಿರುವ ಸ್ಥಿತಿಯಲ್ಲಿ ಅದರಲ್ಲಿ ಸಾರು ಮಾಡಬೇಡಿ. ಕಲಾಯಿ ಹೋದ ಹಿತ್ತಾಳೆಗೆ ಹುಣಸೆ, ಟೊಮೆಟೊ, ಉಪ್ಪು ಸೇರಿದರೆ ತಾಮ್ರ ಬಿಟ್ಟುಕೊಳ್ಳುತ್ತದೆ. ಕಿಲುಬಿನ ರುಚಿ ಬರುತ್ತದೆ, ಹೊಟ್ಟೆ ತೊಳಸಿ ವಾಂತಿಯೂ ಆಗಬಹುದು. 76ರ ಹಿರಿಯರಿರುವ ಮನೆಯಲ್ಲಿ ಇದರ ಪರೀಕ್ಷೆ ಬೇಡವೇ ಬೇಡ. ಕಲಾಯಿ ಹಾಕಿಸಬಹುದು, ಆದರೆ ಶುದ್ಧ ತವರದ್ದೇ ಆಗಬೇಕು, ಸೀಸ ಬೆರೆತ ಅಗ್ಗದ ಕಲಾಯಿ ಅದಕ್ಕಿಂತ ಅಪಾಯ. ನಂಬಿಕೆಯ ಕಲಾಯಿಯವರು ಸಿಗದಿದ್ದರೆ ಪಾತ್ರೆಯನ್ನು ನೋಡಲು ಇಟ್ಟುಕೊಳ್ಳಿ. ಕಲಾಯಿ ಆದ ಮೇಲೂ ಬರಿದಾಗಿ ಒಲೆಯ ಮೇಲೆ ಬಿಡಬೇಡಿ, ತವರ 232 ಡಿಗ್ರಿಗೇ ಕರಗುತ್ತದೆ. ಸಾರನ್ನು ರಾತ್ರಿಯಿಡೀ ಅದರಲ್ಲೇ ಇಡಬೇಡಿ. ಚೆನ್ನಾಗಿ ಕಲಾಯಿ ಇದ್ದ ಪಾತ್ರೆ ಸಾರಿಗೆ ತನ್ನ ರುಚಿ ಕೊಡುವುದಿಲ್ಲ. ಅದು ಮಾಡುತ್ತಿದ್ದದ್ದು ಬಿಸಿ ಹಿಡಿದಿಡುವ ಕೆಲಸ. ದಪ್ಪ ತಳದ ಸ್ಟೀಲ್ ಪಾತ್ರೆಯೂ ಆ ಕೆಲಸ ಮಾಡುತ್ತದೆ.

ಅತ್ತಿಗೆಯವರು ಹೇಳಿದ ಕೈಗುಣವನ್ನು ನಾನು ತಳ್ಳಿಹಾಕುವುದಿಲ್ಲ. ಈ ವರ್ಷದ ಹುಣಸೆ ಹೊಸದೋ ಹಳೆಯದೋ, ಟೊಮೆಟೊ ನಾಟಿಯೋ ಅಲ್ಲವೋ ಎಂದು ಮೂಸಿ, ಮುಟ್ಟಿ, ಅಳತೆಯನ್ನು ದಿನವೂ ಸ್ವಲ್ಪ ಅತ್ತಿತ್ತ ಮಾಡುವುದೇ ಕೈಗುಣ. ಅದು ಮಾಡುತ್ತ ಮಾಡುತ್ತ ಬರುವಂಥದ್ದು. ‘ಬರೋದಿಲ್ಲ ಬಿಡು’ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅಪ್ಪನವರ ವಿಚಾರ ಸೂಕ್ಷ್ಮ. ಬಿ.ಪಿ.ಗಾಗಿ ಉಪ್ಪು ಕಡಿಮೆ ಮಾಡಿದ್ದರೆ ಅದೊಂದೇ ಸಾರನ್ನು ‘ಬೇರೆ’ ಮಾಡಲು ಸಾಕು. ಉಪ್ಪು ಇಳಿದರೆ ಘಮವೂ ಮಂಕಾಗಿ ತೋರುತ್ತದೆ. ವಯಸ್ಸಿನೊಂದಿಗೆ ಮೂಗಿನ ಶಕ್ತಿ ತಗ್ಗುತ್ತದೆ, ಕೆಲವು ಮಾತ್ರೆಗಳು ನಾಲಗೆಯ ರುಚಿಯನ್ನೂ ಬದಲಿಸುತ್ತವೆ. ಅದಕ್ಕೆಂದು ಉಪ್ಪು ಹೆಚ್ಚಿಸಬೇಡಿ. ಮೆಣಸು, ಇಂಗು, ಹುಳಿಯನ್ನು ಒಂದು ಎಳೆ ಏರಿಸಿ, ಬಡಿಸುವಾಗ ಸಾರು ಹೊಗೆಯಾಡುವಷ್ಟು ಬಿಸಿ ಇರಲಿ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ, ಬಿ.ಪಿ.ಯ ಕೆಲವು ಔಷಧಿ ತೆಗೆದುಕೊಳ್ಳುವವರಿಗೆ ಅದು ಅಪಾಯ. ವೈದ್ಯರನ್ನು ಕೇಳದೆ ತರಬೇಡಿ.

ಅವರನ್ನು ‘ಅಮ್ಮನ ಹಾಗೆ ಇದೆಯಾ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಅವರು ಹೇಗೆ ಉತ್ತರಿಸಿಯಾರು? ಎರಡು ಪುಟ್ಟ ಲೋಟದಲ್ಲಿ ಎರಡು ಬಗೆ ಕೊಟ್ಟು, ಯಾವುದರಲ್ಲಿ ಹುಳಿ ಮುಂದಾಗಿದೆ, ಖಾರ ನಾಲಗೆಗೆ ಹತ್ತುತ್ತದೋ ಗಂಟಲಿಗೋ ಎಂದು ಕೇಳಿ. ಮೆಣಸಿನ ಖಾರವೂ ಮೆಣಸಿನಕಾಯಿಯ ಖಾರವೂ ಒಂದೇ ಥರ ಹತ್ತುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಅಮ್ಮನ ಹಾಳೆಯ ಪಕ್ಕದಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದಿಡಿ. ಅಮ್ಮನ ಯಾವ ಕಾಲದ ಸಾರು ಅವರ ನೆನಪಿನಲ್ಲಿದೆ ಎಂಬುದನ್ನೂ ಕೇಳಿ. ಮೂವತ್ತು ವರ್ಷದ ಹಿಂದಿನದಕ್ಕೂ ಕೊನೆಯ ವರ್ಷಗಳದ್ದಕ್ಕೂ ಅವರೇ ವ್ಯತ್ಯಾಸ ಹೇಳಿಯಾರು.

ಮಿಕ್ಕ ಪುಡಿ: ಕಾಲು ಚಮಚವನ್ನು ಅರ್ಧ ಲೋಟ ಬಿಸಿನೀರಿಗೆ ಉಪ್ಪಿನೊಂದಿಗೆ ಕದಡಿ ಕುಡಿದು ನೋಡಿ. ಕೊನೆಗೆ ಕಹಿ ನಿಂತರೆ ಆ ಪುಡಿಯನ್ನು ಎಸೆಯಿರಿ, ಸೀದದ್ದನ್ನು ತಿದ್ದಲಾಗದು. ನಿಮ್ಮ ಮೊದಲ ಪುಡಿ ಹೀಗೇ ಇರುವ ಸಂಭವ ಹೆಚ್ಚು. ಎರಡನೆಯದರಲ್ಲಿ ಕಹಿ ಇಲ್ಲ ಎಂದಿದ್ದೀರಿ. ಅದರಲ್ಲಿ ಧನಿಯ ಹೆಚ್ಚು, ಆದ್ದರಿಂದ ಅದು ಹುಳಿಪುಡಿಗೆ, ಅಂದರೆ ಸಾಂಬಾರ್ ಪುಡಿಗೆ, ಹತ್ತಿರ. ಅದರ 250 ಗ್ರಾಮಿಗೆ ಕೆಂಪಗೆ ಹುರಿದ ಕಡಲೆಬೇಳೆ 100 ಗ್ರಾಂ, ಉದ್ದಿನಬೇಳೆ 50 ಗ್ರಾಂ, ಎಣ್ಣೆ ಸವರಿ ಹುರಿದ ಬ್ಯಾಡಗಿ 60 ಗ್ರಾಂ, ಒಂದು ಬೆರಳುದ್ದ ಚಕ್ಕೆ ಪುಡಿ ಮಾಡಿ ಬೆರೆಸಿ. ತರಕಾರಿ ಹುಳಿ ಹೆಚ್ಚು ಹೊತ್ತು ಕುದಿಯುವುದರಿಂದ ಧನಿಯದ ಹಸಿತನ ಅಲ್ಲಿ ಹೋಗುತ್ತದೆ. ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆದುಕೊಳ್ಳಿ, ಒದ್ದೆ ಚಮಚ ತಾಗಿಸಬೇಡಿ.